ಡಾಲ್ಫಿನ್ ಗ್ಯಾರಂಟಿ ಅನ್ನುವ ಬೋಟ್ ಹತ್ತಬೇಕಾ?

ಪ್ರಶ್ನೆ: ಡಿಸೆಂಬರ್ ಕೊನೇ ವಾರ ಗದಗದಿಂದ ಗೋವಾಕ್ಕೆ ಹೊರಟಿದ್ದೇವೆ. ಒಟ್ಟು ಆರು ಜನ. ನಾನು, ನಮ್ಮ ಮನೆಯವರು, 66 ವರ್ಷದ ಅತ್ತೆ (ಅವರಿಗೆ ಮಂಡಿನೋವು), 11 ಮತ್ತು 4 ವರ್ಷದ ಮಕ್ಕಳು, ಮೈದುನ. ಬೋಟ್‌ನಲ್ಲಿ ಸುತ್ತಾಡಬೇಕು ಅಂತ ಎಲ್ಲರಿಗೂ ಆಸೆ. ಹಿಂದೊಮ್ಮೆ ಮಧ್ಯಾಹ್ನ ಊಟ ಮುಗಿಸಿ ಡಾಲ್ಫಿನ್ ಟ್ರಿಪ್‌ಗೆ ಹೋಗಿದ್ದೆವು. ಒಂದು ಡಾಲ್ಫಿನ್ನೂ ಕಾಣಲಿಲ್ಲ, ಮೂರು ಜನ ವಾಂತಿ ಮಾಡಿಕೊಂಡರು. ಈ ಸಲ ಯಾವ ಬೋಟ್ ಹತ್ತಬೇಕು? ಮೈದುನ ಗ್ರ್ಯಾಂಡ್ ಐಲ್ಯಾಂಡ್‌ಗೆ ಹೋಗೋಣ ಅಂತಾನೆ. ಅದು ಸೇಫಾ?

ಉತ್ತರ: ಅಕ್ಕ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಮಧ್ಯಾಹ್ನ ಊಟ ಮುಗಿಸಿ ಅಂತ ಬರೆದಿದ್ದೀರಲ್ಲ, ಎಡವಟ್ಟಾಗಿದ್ದು ಅಲ್ಲೇ. ನಾನು ಅಂಕೋಲಾ ಕಡೆಯವನು. ಗೋವಾಕ್ಕೆ ಬಂದು 24 ವರ್ಷ ಆಯಿತು. ಮೊದಲು ಬೋಟ್‌ನಲ್ಲಿ ಖಲಾಸಿ, ಅಂದರೆ ಕೈಕೆಲಸದ ಹುಡುಗನಾಗಿದ್ದೆ, ಆಮೇಲೆ ಲೈಸೆನ್ಸ್ ಮಾಡಿಸಿಕೊಂಡು ನಾನೇ ಬೋಟ್ ಓಡಿಸಿದೆ, ಈಗ ಹಕ್ಕಿ ನೋಡುವವರನ್ನು ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿನ ಕಡೆ ಕರೆದುಕೊಂಡು ಹೋಗುತ್ತೇನೆ. ಇಷ್ಟು ವರ್ಷದಲ್ಲಿ ನಮ್ಮ ಕಡೆಯಿಂದ, ಅಂದರೆ ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರದಿಂದ ಬಂದ ಎಷ್ಟೋ ಕುಟುಂಬಗಳು ಬೇಜಾರಾಗಿ ಬೋಟ್ ಇಳಿದಿದ್ದನ್ನು ನೋಡಿದ್ದೇನೆ. ದುಡ್ಡು ಕಡಿಮೆ ಕೊಟ್ಟಿದ್ದಕ್ಕೆ ಹಾಗಾಗಲ್ಲ. ತಪ್ಪು ಹೊತ್ತಲ್ಲಿ, ತಪ್ಪು ನೀರಿಗೆ ಇಳಿದಿದ್ದಕ್ಕೆ ಹಾಗಾಗುತ್ತದೆ. ಆದ್ದರಿಂದ ಯಾವ ಬೋಟ್ ಅನ್ನೋದಕ್ಕಿಂತ ಮೊದಲು ಯಾವ ನೀರು, ಎಷ್ಟು ಹೊತ್ತಿಗೆ ಅನ್ನೋದನ್ನು ಹೇಳುತ್ತೇನೆ.

ಚಳಿಗಾಲದಲ್ಲಿ ಗೋವಾದ ಕಡಲು ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ರಾತ್ರಿಯೆಲ್ಲ ನೆಲ ತಣ್ಣಗಾಗಿ ಗಾಳಿ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತಿರುತ್ತದೆ, ಹಾಗಾಗಿ ಬೆಳಗಿನ ಏಳು-ಎಂಟು ಗಂಟೆಗೆ ನೀರು ತಟ್ಟೆಯಲ್ಲಿ ಹಾಕಿದ ಹಾಗೆ ಇರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ. ಕಡಲಿನಿಂದ, ಅದೂ ವಾಯವ್ಯದ ಕಡೆಯಿಂದ ಬೀಸೋಕೆ ಶುರುವಾಗುತ್ತದೆ. ಮಧ್ಯಾಹ್ನ ಎರಡು-ಮೂರು ಗಂಟೆ ಹೊತ್ತಿಗೆ ಸಣ್ಣ ಸಣ್ಣ ಅಲೆ ಒಂದರ ಹಿಂದೊಂದು ಬಂದು ಫೈಬರ್ ಬೋಟಿನ ತಳಕ್ಕೆ ಟಪ್ ಟಪ್ ಅಂತ ಬಡಿಯುತ್ತದೆ. ಆ ಕುಲುಕಾಟದಲ್ಲಿ, ಹೊಟ್ಟೆ ತುಂಬಾ ಮೀನೂಟ ಮಾಡಿ, ಸೀಮೆಎಣ್ಣೆ-ಪೆಟ್ರೋಲ್ ವಾಸನೆ ಕುಡೀತಾ ಒಂದು ಗಂಟೆ ಕೂತರೆ ಯಾರಿಗಾದ್ರೂ ವಾಂತಿ ಬರುತ್ತದೆ. ನೀರಿನ ಮೇಲೆ ನೊರೆ ಎದ್ದಿರುವಾಗ ಡಾಲ್ಫಿನ್ನಿನ ಬೆನ್ನು ಗುರುತು ಹಿಡಿಯೋದೂ ಕಷ್ಟ. ಅವು ಅಲ್ಲೇ ಎಲ್ಲೋ ಇದ್ದಿರಬಹುದು, ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೆ.

ನಿಮ್ಮ ಆರು ಜನಕ್ಕೆ ನನ್ನ ಸಲಹೆ ಏನಂದರೆ, ಹೆಚ್ಚು ಸಮಯ ನದಿಗೆ ಕೊಡಿ. ಕಡಲಿಗೆ ಒಂದೇ ಒಂದು ಬೆಳಿಗ್ಗೆ ಸಾಕು. ಗೋವಾ ಅಂದ ಕೂಡಲೇ ಎಲ್ಲರಿಗೂ ಕಡಲೇ ನೆನಪಾಗುತ್ತದೆ, ಆದರೆ ದೋಣಿಯಲ್ಲಿ ಕೂತು ನೋಡುವಂಥದ್ದು ಜಾಸ್ತಿ ಇರುವುದು ಮಾಂಡೋವಿ, ಜುವಾರಿ ನದಿಗಳಲ್ಲಿ, ಅವೆರಡರ ನಡುವಿನ ಕಾಲುವೆಯಲ್ಲಿ. ಮಾಂಡೋವಿ ಅಂದ್ರೆ ಬೇರೆ ಯಾವುದೂ ಅಲ್ಲ, ನಮ್ಮ ಮಹದಾಯಿಯೇ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುತ್ತಾಳೆ. ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಹೋರಾಡಿದ್ದು ಈ ನದಿಯ ನೀರಿಗಾಗಿಯೇ. ನೀವು ಗದಗದವರು, ಆ ಹೆಸರು ಕೇಳಿಕೊಂಡೇ ಬೆಳೆದಿರುತ್ತೀರಿ. ಪಣಜಿಯಲ್ಲಿ ದಡದ ಮೇಲೆ ನಿಂತಾಗ ನಿಮ್ಮ ದೊಡ್ಡ ಮಗನಿಗೆ ಇದನ್ನು ಹೇಳಿ. ಅಷ್ಟು ಅಗಲವಾಗಿ ಕಡಲು ಸೇರುತ್ತಿರುವ ನದಿ ನಮ್ಮ ಬೆಳಗಾವಿ ಜಿಲ್ಲೆಯಿಂದ ಬಂದಿದ್ದು ಅಂತ ಗೊತ್ತಾದರೆ ಅವನು ನೋಡುವ ರೀತಿಯೇ ಬೇರೆಯಾಗುತ್ತದೆ.

ಪಣಜಿಯ ಸಂಜೆ ಕ್ರೂಸ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ಅತ್ತೆಯವರಿಗೆ ಎಲ್ಲಕ್ಕಿಂತ ಸುಲಭ ಅದೇ. ಮಾಂಡೋವಿ ಸೇತುವೆಯ ಹತ್ತಿರ ಸಾಂತಾ ಮೋನಿಕಾ ಜೆಟ್ಟಿ ಇದೆ. ಅಲ್ಲಿಂದ ದೊಡ್ಡ ಬೋಟುಗಳು ಹೊರಡುತ್ತವೆ. ಗೋವಾ ಪ್ರವಾಸೋದ್ಯಮ ನಿಗಮದ್ದೂ ಇವೆ, ಖಾಸಗಿಯವೂ ಇವೆ. ಸುಮಾರು ಒಂದು ಗಂಟೆಯ ಸುತ್ತಾಟ. ಕುರ್ಚಿ ಇರುತ್ತದೆ, ಅಲುಗಾಟ ಇಲ್ಲವೇ ಇಲ್ಲ ಅನ್ನಬಹುದು. ಮೇಲಿನ ಡೆಕ್‌ನಲ್ಲಿ ಒಂದು ಸ್ಟೇಜ್ ಇಟ್ಟು ಇಲ್ಲಿನ ಜನಪದ ಕುಣಿತಗಳಾದ ದೆಖ್ನಿ, ಫುಗಡಿ, ಪೋರ್ಚುಗೀಸರ ಕಾಲದ ಜೋಡಿ ಕುಣಿತ ಎಲ್ಲ ತೋರಿಸುತ್ತಾರೆ, ಮಧ್ಯೆ ಮಧ್ಯೆ ಡಿಜೆ ಹಾಕಿ ಪ್ರವಾಸಿಗರನ್ನೂ ಕುಣಿಸುತ್ತಾರೆ. ಸದ್ದು ಜೋರು. ಸ್ಪೀಕರ್ ಪಕ್ಕ ಕೂತರೆ ಅತ್ತೆಗೂ ಪುಟ್ಟ ಮಗುವಿಗೂ ತಲೆನೋವು ಗ್ಯಾರಂಟಿ. ಹಾಗಾಗಿ ಸ್ವಲ್ಪ ಬೇಗ ಹೋಗಿ ಸ್ಟೇಜಿನಿಂದ ದೂರ, ಕಟಕಟೆಯ ಪಕ್ಕ ಜಾಗ ಹಿಡಿಯಿರಿ. ಟಿಕೆಟನ್ನು ಕೌಂಟರ್‌ನಲ್ಲೇ ತಗೊಳ್ಳಿ, ರಸ್ತೆಯಲ್ಲಿ ಕೈ ಹಿಡಿದು ಎಳೆಯುವವರ ಹತ್ತಿರ ಬೇಡ.

ಕತ್ತಲಾದ ಮೇಲಿನ ಕ್ರೂಸ್ ಬೇಡ, ಸೂರ್ಯ ಮುಳುಗುವಾಗಿನದ್ದೇ ಇರಲಿ. ರಾತ್ರಿ ಹೋದರೆ ಕ್ಯಾಸಿನೊ ಹಡಗುಗಳ ಲೈಟು ಬಿಟ್ಟು ಬೇರೇನೂ ಕಾಣಲ್ಲ. ಸಂಜೆ ಬೆಳಕಿದ್ದಾಗ ಹೋದರೆ ದಡದಲ್ಲಿ ಹಳೆ ಸೆಕ್ರೆಟರಿಯೇಟ್ ಕಟ್ಟಡ ಕಾಣುತ್ತದೆ. ಅದು ಮೂಲತಃ ನಮ್ಮ ಬಿಜಾಪುರದ ಆದಿಲ್ ಶಾಹಿಗಳ ಅರಮನೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಅವರದಾಯಿತು. ಆಚೆ ದಡದಲ್ಲಿ ಕೆಂಪು ಕಲ್ಲಿನ ರೇಯಿಸ್ ಮಾಗೋಸ್ ಕೋಟೆ, ಇನ್ನೂ ಮುಂದೆ ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಅಗ್ವಾದ ಕೋಟೆಯ ಗುಡ್ಡ. ಹಿಂದೆ ತಿರುಗಿದರೆ ಸೇತುವೆಗಳು. 1986ರ ಜುಲೈನಲ್ಲಿ ಇಲ್ಲಿನ ಮೊದಲ ಸೇತುವೆ ಕುಸಿದು ಬಿದ್ದಿತ್ತು, ಊರಿನ ಹಳಬರು ಇವತ್ತಿಗೂ ಅದರ ಮಾತಾಡುತ್ತಾರೆ. ತಂತಿಗಳಿಂದ ಎಳೆದು ಕಟ್ಟಿದ ಎತ್ತರದ ಅಟಲ್ ಸೇತು 2019ರಲ್ಲಿ ಬಂತು.

ಈಗ ನನಗೆ ತುಂಬಾ ಇಷ್ಟವಾದದ್ದು. ಹಳೆ ಗೋವಾದ ಚರ್ಚುಗಳನ್ನು ಎಲ್ಲರೂ ನೋಡುತ್ತಾರೆ, ನೋಡಿ ಹಾಗೇ ಬಸ್ ಹತ್ತಿ ಹೊರಟುಬಿಡುತ್ತಾರೆ. ನೀವು ಅಲ್ಲಿಂದ ನದಿ ಕಡೆಗೆ ನಡೆಯಿರಿ. ರಸ್ತೆ ಒಂದು ಕಲ್ಲಿನ ಕಮಾನಿನ ಕೆಳಗೆ ಹೋಗುತ್ತದೆ, ಅದೇ ವೈಸರಾಯ್ ಕಮಾನು. ವಾಸ್ಕೋ ಡ ಗಾಮನ ಮರಿಮಗ ವೈಸರಾಯ್ ಆಗಿದ್ದಾಗ 1599ರಲ್ಲಿ ಕಟ್ಟಿಸಿದ್ದು. ಲಿಸ್ಬನ್‌ನಿಂದ ಬಂದ ಪ್ರತಿ ವೈಸರಾಯ್ ದೋಣಿ ಇಳಿದು ಈ ಬಾಗಿಲಿನಿಂದಲೇ ಊರೊಳಗೆ ಕಾಲಿಡುತ್ತಿದ್ದ. ಕಮಾನು ದಾಟಿದರೆ ಫೆರಿ ಕಟ್ಟೆ. ಅಲ್ಲಿಂದ ದಿವಾಡಿ ದ್ವೀಪಕ್ಕೆ ಸರ್ಕಾರದ ಫೆರಿ ಹೋಗುತ್ತದೆ, ನಡೆದು ಹತ್ತುವವರಿಗೆ ದುಡ್ಡಿಲ್ಲ. ಸ್ಕೂಟರ್, ಕಾರು, ಮೀನಿನ ಬುಟ್ಟಿ ಹಿಡಿದ ಹೆಂಗಸರು, ಶಾಲೆ ಮಕ್ಕಳು ಎಲ್ಲರೂ ಅದರಲ್ಲೇ. ಹತ್ತು ನಿಮಿಷವೂ ಹಿಡಿಯಲ್ಲ. ದಾರಿ ಇಳಿಜಾರಾಗಿ ನೇರ ಫೆರಿಯೊಳಗೆ ಹೋಗುವುದರಿಂದ ಅತ್ತೆ ಮೆಟ್ಟಿಲು ಹತ್ತುವ ಕೆಲಸವೂ ಇಲ್ಲ. ಹೋಗಿ, ಆಚೆ ಸ್ವಲ್ಪ ಹೊತ್ತು ನಿಂತು, ಅದೇ ಫೆರಿಯಲ್ಲಿ ವಾಪಸ್ ಬನ್ನಿ. ಬರುವಾಗ ನೀರಿನ ಮೇಲಿಂದ ಆ ಕಮಾನು, ಅದರ ಹಿಂದೆ ಚರ್ಚಿನ ಗೋಪುರಗಳು ಕಾಣುತ್ತವಲ್ಲ, ಹಳೆ ಕಾಲದ ಹಡಗಿನವರು ಆ ಊರನ್ನು ನೋಡಿದ್ದು ಆ ಕಡೆಯಿಂದಲೇ.

ದಿವಾಡಿ ಅಂದಾಗ ಇನ್ನೊಂದು ಮಾತು ಹೇಳಬೇಕು. ಗೋವಾ ಕದಂಬರ ಕುಲದೈವ ಸಪ್ತಕೋಟೇಶ್ವರನ ಹಳೆಯ ಗುಡಿ ಇದ್ದದ್ದು ಇದೇ ದ್ವೀಪದಲ್ಲಿ. ಪೋರ್ಚುಗೀಸರು ಅದನ್ನು ಕೆಡವಿದರು, ಭಕ್ತರು ದೇವರನ್ನು ನದಿ ದಾಟಿಸಿ ಆಚೆ ದಡದ ನಾರ್ವೆ ಅನ್ನುವ ಊರಿಗೆ ತಂದು ಇಟ್ಟರು, 1668ರಲ್ಲಿ ಶಿವಾಜಿ ಆ ಗುಡಿಯ ಜೀರ್ಣೋದ್ಧಾರ ಮಾಡಿಸಿದ. ಇಲ್ಲಿನ ಸರ್ಕಾರಿ ಬಸ್ಸಿನ ಮೇಲೆ ಕದಂಬ ಅಂತ ಬರೆದಿರೋದು ಆ ರಾಜರ ಹೆಸರೇ. ಕನ್ನಡದಲ್ಲಿ ಶಾಸನ ಬರೆಸಿದ ರಾಜರು ಅವರು. ನಮ್ಮವರು ಗೋವಾಕ್ಕೆ ಬಂದು ಬೀಚ್ ನೋಡಿ ಹೋಗುವಾಗ ಇದನ್ನು ಯಾರೂ ಹೇಳಲ್ಲ ಅಂತ ನನಗೆ ಯಾವಾಗಲೂ ಸಂಕಟವಾಗುತ್ತದೆ.

ಇನ್ನು ಮೊಸಳೆ ಮತ್ತು ಹಕ್ಕಿಗಳ ಟ್ರಿಪ್. ನಿಮ್ಮ 11 ವರ್ಷದ ಮಗನಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮಾಂಡೋವಿಯನ್ನೂ ಜುವಾರಿಯನ್ನೂ ಸೇರಿಸುವ ಕುಂಭಾರ್ಜುವಾ ಕಾಲುವೆ ಸುಮಾರು 15 ಕಿಲೋಮೀಟರ್ ಉದ್ದ ಇದೆ. ಅದರ ಎರಡೂ ದಡದಲ್ಲಿ ಕಾಂಡ್ಲಾ ಗಿಡ, ಆ ಗಿಡಗಳ ಬುಡದ ಕೆಸರಿನಲ್ಲಿ ಮೊಸಳೆ. ನಮ್ಮ ದಾಂಡೇಲಿಯ ಕಾಳಿ ನದಿಯಲ್ಲಿ ನೋಡುತ್ತೀರಲ್ಲ, ಅದೇ ಜಾತಿ. ಸಾಮಾನ್ಯವಾಗಿ ಸಿಹಿನೀರಿನಲ್ಲಿರುವ ಈ ಪ್ರಾಣಿ ಇಲ್ಲಿ ಉಪ್ಪು ಬೆರೆತ ನೀರಿನಲ್ಲಿ ಬದುಕುತ್ತಿದೆ, ಅದೇ ವಿಶೇಷ. ಚಳಿಗಾಲದ ಬೆಳಿಗ್ಗೆ ಮೈ ಕಾಯಿಸಿಕೊಳ್ಳೋಕೆ ಬಿಸಿಲಿಗೆ ಬಂದು ಬಾಯಿ ತೆರೆದು ಮಲಗಿರುತ್ತದೆ. ಮಧ್ಯಾಹ್ನ ಹೋದರೆ ನೀರಿನ ಮೇಲೆ ಎರಡು ಕಣ್ಣು ಕಂಡರೆ ಅದೃಷ್ಟ.

ಕಾಲುವೆಯ ಪಕ್ಕದ ಗದ್ದೆಗಳನ್ನು ಇಲ್ಲಿ ಖಜಾನ್ ಅನ್ನುತ್ತಾರೆ. ಉಪ್ಪುನೀರು ಒಳಗೆ ನುಗ್ಗದ ಹಾಗೆ ಮಣ್ಣಿನ ಏರಿ ಹಾಕಿ, ನೀರು ಬಿಡೋಕೆ-ತಡೆಯೋಕೆ ಮರದ ಬಾಗಿಲು ಇಟ್ಟು ಮಾಡಿದ ಗದ್ದೆ. ಅಘನಾಶಿನಿಯ ದಡದಲ್ಲಿ ನಾವು ಗಜನಿ ಅನ್ನುವುದೂ ಇದನ್ನೇ. ನಮ್ಮ ಗಜನಿಯಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್ ಭತ್ತ, ಎರಡೂ ಉಪ್ಪು ತಡೆಯುವ ತಳಿ. ದುರ್ಭಾಟ್ ಕಡೆಯ ಊರುಗಳಲ್ಲಿ ಪುಷ್ಯದ ಅಮಾವಾಸ್ಯೆಗೆ ಜನ ಏರಿಯ ಬಳಿ ಕೆಸರಿನಲ್ಲಿ ಮೊಸಳೆ ಮಾಡಿ ಪೂಜೆ ಮಾಡುತ್ತಾರೆ. ಏರಿ ಒಡೆಯದಿರಲಿ, ಮೊಸಳೆ ನಮ್ಮನ್ನು ಕಾಯಲಿ ಅಂತ. ಇದನ್ನೆಲ್ಲ ಹೇಳುವ ಬೋಟಿನವನು ಸಿಕ್ಕರೆ ಆ ಎರಡು ಗಂಟೆ ಮರೆಯೋಕಾಗಲ್ಲ. ಸುಮ್ನೆ ಮೊಸಳೆ ತೋರಿಸಿ ವಾಪಸ್ ತರುವವನೂ ಇದ್ದಾನೆ. ಬುಕ್ ಮಾಡುವಾಗ ಜೊತೆಗೆ ವಿವರಿಸುವವರು ಯಾರು, ಹಿಂದಿ ಮಾತಾಡುತ್ತಾರಾ ಅಂತ ಕೇಳಿ.

ಹಕ್ಕಿಗೆ ಅಂದರೆ ಚೋಡಾಣ ದ್ವೀಪದ ಸಲೀಂ ಅಲಿ ಪಕ್ಷಿಧಾಮ. ಚಿಕ್ಕದು, 1.78 ಚದರ ಕಿಲೋಮೀಟರ್ ಅಷ್ಟೆ, ಪೂರ್ತಿ ಕಾಂಡ್ಲಾ. ನಡುವಿನ ಸಣ್ಣ ಕೊರಕಲುಗಳಲ್ಲಿ ಪುಟ್ಟ ದೋಣಿ ಹೋಗುತ್ತದೆ. ಮಿಂಚುಳ್ಳಿ, ಬೆಳ್ಳಕ್ಕಿ, ತಲೆ ಮೇಲೆ ಗರುಡ, ಕೆಸರಿನ ಮೇಲೆ ಕುಪ್ಪಳಿಸುವ ಪುಟಾಣಿ ಮೀನು. ಮೋಟಾರ್ ನಿಲ್ಲಿಸಿ ಹುಟ್ಟು ಹಾಕುತ್ತಾ ಹೋಗುವಾಗಿನ ಆ ಮೌನಕ್ಕಾಗಿಯೇ ನಾನು ಈ ಕೆಲಸ ಬಿಟ್ಟಿಲ್ಲ.

ಇಲ್ಲೊಂದು ಮುಖ್ಯವಾದ ವಿಷಯ ಇದೆ. ಪಕ್ಷಿಧಾಮದ ಕೊರಕಲಿಗೆ ದೋಣಿ ಹೋಗಬೇಕಾದರೆ ಉಬ್ಬರ ಬೇಕು, ಇಳಿತದಲ್ಲಿ ತಳ ಕೆಸರಿಗೆ ಕಚ್ಚಿಕೊಳ್ಳುತ್ತದೆ. ಮೊಸಳೆ ನೋಡಬೇಕಾದರೆ ಇಳಿತ ಬೇಕು, ಆಗಲೇ ಕೆಸರಿನ ದಂಡೆ ಹೊರಬೀಳುವುದು. ಎರಡಕ್ಕೂ ಬೆಳಗಿನ ಹೊತ್ತೇ ಒಳ್ಳೆಯದು. ಅಂದಮೇಲೆ ಎರಡನ್ನೂ ಒಂದೇ ಬೆಳಿಗ್ಗೆ ಮಾಡಿಸುತ್ತೇವೆ ಅನ್ನುವವರು ಒಂದನ್ನು ಕೆಡಿಸುತ್ತಾರೆ ಅಂತಲೇ ತಿಳಿಯಿರಿ. ಯಾವ ದಿನ ಯಾವುದು ಅಂತ ಮನೆಯ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿಯೇ ಅಂದಾಜು ಮಾಡಬಹುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ಉಬ್ಬರ ತುಂಬುವುದು ಸುಮಾರಾಗಿ ಮಧ್ಯಾಹ್ನ ಹತ್ತಿರ ಬಂದಾಗ, ಹಾಗಾಗಿ ಬೆಳಿಗ್ಗೆಯೆಲ್ಲ ನೀರು ಏರುತ್ತಿರುತ್ತದೆ. ಆ ದಿನಗಳು ಹಕ್ಕಿಗೆ. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ ಬೆಳಗಿನ ಜಾವವೇ ಮುಗಿದು ಬೆಳಿಗ್ಗೆಯೆಲ್ಲ ನೀರು ಇಳಿಯುತ್ತಿರುತ್ತದೆ. ಆ ದಿನಗಳು ಮೊಸಳೆಗೆ. ನಡುವಿನ ದಿನಗಳಲ್ಲಿ ದಿನಕ್ಕೆ ಸುಮಾರು 50 ನಿಮಿಷದಂತೆ ಹೊತ್ತು ಮುಂದೆ ಹೋಗುತ್ತದೆ. ಹೊರಡುವ ಹಿಂದಿನ ದಿನ ಫೋನಿನಲ್ಲಿ ಮೊರ್ಮುಗೋವಾ ಬಂದರಿನ ಉಬ್ಬರ-ಇಳಿತದ ಸಮಯ ನೋಡಿ ಖಾತ್ರಿ ಮಾಡಿಕೊಳ್ಳಿ. ಬೋಟಿನವನಿಗೆ ಫೋನ್ ಮಾಡಿ "ನಾಳೆ ಇಳಿತ ಎಷ್ಟೊತ್ತಿಗೆ?" ಅಂತ ಒಂದೇ ಪ್ರಶ್ನೆ ಕೇಳಿ. ಥಟ್ಟನೆ ಉತ್ತರ ಬಂದರೆ ಅವನು ಕೆಲಸ ಗೊತ್ತಿರುವವನು.

ಡಾಲ್ಫಿನ್‌ಗೆ ಬರೋಣ. ಗೋವಾದ ದಂಡೆ ಹತ್ತಿರ ಕಾಣಸಿಗುವುದು ಬೆನ್ನಿನ ಮೇಲೆ ಗೂನು ಇರುವ ಜಾತಿ. ಬೂದು ಬಣ್ಣ, ಎರಡು ಎರಡೂವರೆ ಮೀಟರ್ ಉದ್ದ. ಆಳಕ್ಕೆ ಹೋಗಲ್ಲ, ನದಿ ಕಡಲು ಸೇರುವ ಜಾಗದಲ್ಲಿ ಮೀನು ಜಾಸ್ತಿ ಸಿಗುವುದರಿಂದ ಅಲ್ಲೇ ಸುತ್ತುತ್ತಿರುತ್ತದೆ. ಅದಕ್ಕೇ ಅಗ್ವಾದ ಅಳಿವೆ ಬಾಯಲ್ಲಿ ಇಷ್ಟು ಬೋಟು. ಟಿವಿಯಲ್ಲಿ ನೋಡಿದ ಹಾಗೆ ಗಾಳಿಯಲ್ಲಿ ಹಾರಿ ತಿರುಗುತ್ತದೆ ಅಂತ ಮಕ್ಕಳಿಗೆ ಹೇಳಬೇಡಿ, ನಿರಾಸೆಯಾಗುತ್ತದೆ. ಉಸಿರಾಡೋಕೆ ಮೇಲೆ ಬರುತ್ತದೆ, ಬೆನ್ನು ಕಮಾನಿನ ಹಾಗೆ ಬಾಗುತ್ತದೆ, ಮುಳುಗುತ್ತದೆ. ಎರಡು ಮೂರು ಕ್ಷಣ. ಮತ್ತೆ ಸ್ವಲ್ಪ ದೂರದಲ್ಲಿ. ಅಷ್ಟೇ ನೋಡಸಿಗುವುದು, ಆದರೆ ತಣ್ಣಗಿನ ನೀರಿನ ಮೇಲೆ ಬೆಳಗಿನ ಬಿಸಿಲಲ್ಲಿ ಅದನ್ನು ನೋಡಿದವರು ಮರೆಯಲ್ಲ.

"ಡಾಲ್ಫಿನ್ ಗ್ಯಾರಂಟಿ, ಕಾಣದಿದ್ರೆ ದುಡ್ಡು ವಾಪಸ್" ಅಂತ ಕೂಗುವವರ ಬೋಟ್ ಯಾಕೆ ಬೇಡ ಅಂತ ಹೇಳುತ್ತೇನೆ. ಗ್ಯಾರಂಟಿ ಕೊಟ್ಟವನಿಗೆ ತೋರಿಸಲೇಬೇಕಾದ ಒತ್ತಡ ಇರುತ್ತದೆ. ಒಂದು ಬೆನ್ನು ಕಂಡ ಕೂಡಲೇ ಹತ್ತು ಹದಿನೈದು ಬೋಟು ಪೂರ್ತಿ ವೇಗದಲ್ಲಿ ಅತ್ತ ನುಗ್ಗುತ್ತವೆ, ಸುತ್ತುವರಿಯುತ್ತವೆ. ಪ್ರಾಣಿ ಹೆದರಿ ತಳಕ್ಕೆ ಹೋಗಿ ಎಲ್ಲೋ ದೂರ ಏಳುತ್ತದೆ. ಮರಿ ಜೊತೆಗಿದ್ದರಂತೂ ಅದರ ಪಾಡು ನೋಡೋಕಾಗಲ್ಲ. ಈ ಜಾತಿ ಅಳಿವಿನಂಚಿನಲ್ಲಿದೆ ಅಂತ ಅಂತರರಾಷ್ಟ್ರೀಯ ಪಟ್ಟಿಯಲ್ಲೇ ಸೇರಿದೆ. ನಮ್ಮ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ನಾನು ಬೋಟ್ ಓಡಿಸುವಾಗ 50 ಮೀಟರ್ ದೂರದಲ್ಲೇ ಗೇರ್ ನ್ಯೂಟ್ರಲ್‌ಗೆ ಹಾಕಿ ಸುಮ್ಮನೆ ನಿಲ್ಲುತ್ತಿದ್ದೆ. ಎಷ್ಟೋ ಸಲ ಅವೇ ಹತ್ತಿರ ಬಂದಿವೆ. ನಿಮ್ಮ ಬೋಟಿನವನು ಬೆನ್ನಟ್ಟೋಕೆ ಶುರು ಮಾಡಿದರೆ "ಬೇಡ ಅಣ್ಣ, ನಿಲ್ಲಿಸಿ, ಇಲ್ಲಿಂದಲೇ ನೋಡುತ್ತೇವೆ" ಅಂತ ಹೇಳಿ. ಪೆಟ್ರೋಲ್ ಉಳಿಯುತ್ತದೆ, ಅವನೇನೂ ಬೇಡ ಅನ್ನಲ್ಲ.

ಎಲ್ಲಿಂದ ಹತ್ತಬೇಕು ಅನ್ನೋದು ಅಷ್ಟೇ ಮುಖ್ಯ. ಕಲಂಗೂಟ್, ಬಾಗಾದಂಥ ತೆರೆದ ಬೀಚಿನಲ್ಲಿ ಮರಳಿನ ಮೇಲಿಂದಲೇ ಬೋಟ್ ತಳ್ಳಿ ನೀರಿಗಿಳಿಸುತ್ತಾರೆ. ಮೊಣಕಾಲು ನೀರಿನಲ್ಲಿ ನಿಂತು, ಅಲೆ ಹೋಗಿ ಬರುವ ನಡುವೆ ಹತ್ತಬೇಕು. ಅತ್ತೆಯವರಿಗೆ ಆಗದ ಮಾತು. ಅದಕ್ಕಿಂತ ಹೆಚ್ಚಾಗಿ, ಅಲೆ ಒಡೆಯುವ ಜಾಗದಲ್ಲಿ ಬೋಟು ಅಡ್ಡ ತಿರುಗಿದರೆ ಮಗುಚುತ್ತದೆ. 2024ರ ಡಿಸೆಂಬರ್ 25ರಂದು ಕಲಂಗೂಟ್ ಹತ್ತಿರ ಪ್ರವಾಸಿಗರ ಬೋಟ್ ಮಗುಚಿ ಒಬ್ಬರು ತೀರಿಕೊಂಡರು, 20 ಜನರನ್ನು ಎತ್ತಿ ಬದುಕಿಸಿದರು. ನೀವು ಬರುತ್ತಿರುವುದೂ ಅದೇ ವಾರ, ಅದೇ ನೂಕುನುಗ್ಗಲು. ಆದ್ದರಿಂದ ಜೆಟ್ಟಿ ಇರುವ ಕಡೆಯಿಂದ, ನದಿಯೊಳಗಿಂದ ಹೊರಡುವ ಬೋಟನ್ನೇ ಹಿಡಿಯಿರಿ. ಸಿಂಕೇರಿ ಜೆಟ್ಟಿ ಇಲ್ಲವೇ ಪಣಜಿ ಕಡೆ. ಅಲ್ಲಿಂದ ಹೊರಟರೆ ದಾರಿಯಲ್ಲಿ ಅಗ್ವಾದ ಕೋಟೆಯ ಕೆಳಗಿನ ಬುರುಜು, ಹಳೆ ಜೈಲು, ಆಚೆ ಕಾಬೊ ಮೂಲೆಯ ರಾಜ್ಯಪಾಲರ ನಿವಾಸ ಎಲ್ಲ ಕಾಣುತ್ತದೆ. ಡಾಲ್ಫಿನ್ ಕಾಣದಿದ್ದರೂ ಬರಿಗೈಯಲ್ಲಿ ಬಂದ ಹಾಗೆ ಆಗಲ್ಲ. 1612ರಲ್ಲಿ ಕಟ್ಟಿದ ಆ ಕೋಟೆಗೆ ಅಗ್ವಾದ ಅನ್ನೋ ಹೆಸರು ಬಂದಿದ್ದೇ ನೀರಿನಿಂದ. ಅಗ್ವಾ ಅಂದರೆ ಪೋರ್ಚುಗೀಸಿನಲ್ಲಿ ನೀರು. ದೂರದಿಂದ ಬಂದ ಹಡಗುಗಳು ಇಲ್ಲಿ ಕುಡಿಯುವ ನೀರು ತುಂಬಿಸಿಕೊಳ್ಳುತ್ತಿದ್ದವು.

ಮೈದುನನ ಗ್ರ್ಯಾಂಡ್ ಐಲ್ಯಾಂಡ್. ಅವನು ಹೋಗಲಿ, ಬೇಕಾದರೆ ನಿಮ್ಮ ಮನೆಯವರೂ ಹೋಗಲಿ. ಅತ್ತೆ ಮತ್ತು ಮಕ್ಕಳು ಬೇಡ. ವಾಸ್ಕೋ ಆಚೆ ತೆರೆದ ಕಡಲಿನಲ್ಲಿರುವ ದ್ವೀಪ ಅದು. ಮಾಂಡೋವಿ ಕಡೆಯಿಂದ ಹೊರಟರೆ ಹೋಗೋಕೇ ಒಂದು ಗಂಟೆ ಮೇಲಾಗುತ್ತದೆ, ವಾಪಸ್ ಬರುವಾಗ ನಾನು ಮೊದಲೇ ಹೇಳಿದ ಮಧ್ಯಾಹ್ನದ ಗಾಳಿ ಸಿಗುತ್ತದೆ. ಸುಮಾರು ಬೋಟುಗಳಲ್ಲಿ ಟಾಯ್ಲೆಟ್ ಇರಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಹೆಣ್ಣುಮಕ್ಕಳು ಐದಾರು ಗಂಟೆ ಕಷ್ಟಪಡುತ್ತಾರೆ. ನೀವೂ ಹೋಗುವುದಾದರೆ ಬುಕ್ ಮಾಡುವ ಮೊದಲು ಇದನ್ನೇ ಕೇಳಿ. ನೀರಿನ ಕೆಳಗೆ ಮೀನು, ಹವಳ ನೋಡೋಕೆ ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು, ಆದರೂ ನಮ್ಮ ಮುರ್ಡೇಶ್ವರದ ನೇತ್ರಾಣಿ ದ್ವೀಪದಷ್ಟು ತಿಳಿ ನೀರು ಇಲ್ಲಿ ನಾನು ಕಂಡಿಲ್ಲ. ಸ್ಕೂಬಾ ಮಾಡುವ ಆಸೆಯಿದ್ದರೆ ಅದಕ್ಕೆಂದೇ ಇರುವ ಡೈವಿಂಗ್ ಸ್ಕೂಲಿಗೆ ಹೋಗಲಿ. ಪ್ಯಾಕೇಜಿನಲ್ಲಿ ಊಟ, ಬಿಯರ್ ಜೊತೆ ಸ್ಕೂಬಾನೂ ಇದೆ ಅಂದರೆ ನಾನಂತೂ ಬೇಡ ಅಂತೀನಿ. ಆಸ್ತಮಾ, ಹೃದಯದ ತೊಂದರೆ, ಕಿವಿನೋವು ಇದ್ದರೆ ಡಾಕ್ಟರ್ ಕೇಳದೆ ನೀರಿಗಿಳಿಯಬಾರದು.

ಸೇಫಾ ಅಂತ ಕೇಳಿದ್ದೀರಿ. 2024ರ ಡಿಸೆಂಬರ್ 18ರಂದು ಮುಂಬೈನಲ್ಲಿ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ಪ್ರವಾಸಿ ಬೋಟಿಗೆ ನೌಕಾಪಡೆಯ ಸ್ಪೀಡ್ ಬೋಟ್ ಡಿಕ್ಕಿ ಹೊಡೆದು 15 ಜನ ಸತ್ತರು. ಬೋಟಿನಲ್ಲಿ ನೂರಕ್ಕೂ ಹೆಚ್ಚು ಜನ ಇದ್ದರು, ಬಹಳಷ್ಟು ಜನ ಜಾಕೆಟ್ ಹಾಕಿರಲಿಲ್ಲ. ಆಮೇಲೆ ಅಲ್ಲಿ ಜಾಕೆಟ್ ಕಡ್ಡಾಯ ಮಾಡಿದರು. ನಡುನೀರಿನಲ್ಲಿ ಏನಾದರೂ ಆದಾಗ ಸೀಟಿನ ಕೆಳಗಿರುವ ಜಾಕೆಟ್ ಹುಡುಕಿ ಹಾಕಿಕೊಳ್ಳೋಕೆ ಸಮಯ ಇರಲ್ಲ. ದಡದಲ್ಲೇ ಹಾಕಿ, ಬಕಲ್ ಕೂಡಿಸಿ, ಪಟ್ಟಿ ಎಳೆದು ಬಿಗಿ ಮಾಡಿ. ಆಮೇಲೆ ಹೆಗಲ ಹತ್ತಿರ ಹಿಡಿದು ಮೇಲೆತ್ತಿ ನೋಡಿ. ಕಿವಿಯವರೆಗೆ ಬಂದರೆ ಆ ಜಾಕೆಟ್ ನಿಮ್ಮದಲ್ಲ, ನೀರಿಗೆ ಬಿದ್ದರೆ ಅದು ಮೇಲೆ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಸೀರೆಯ ಸೆರಗನ್ನು ಜಾಕೆಟ್ ಒಳಗೆ ಸಿಕ್ಕಿಸಿಕೊಳ್ಳಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಖಲಾಸಿಯಾಗಿದ್ದ ಕಾಲ. ಹನ್ನೆರಡು ಜನರನ್ನು ಹತ್ತಿಸಿಕೊಂಡು ಸಂಜೆ ಹೊತ್ತು ಹೋಗಿದ್ದೆವು. ಅಗ್ವಾದ ಆಚೆ ಇಂಜಿನ್ ನಿಂತಿತು. ಒಂದೇ ಇಂಜಿನ್. ಲಂಗರು ಇತ್ತು, ಅದಕ್ಕೆ ಕಟ್ಟಿದ ಹಗ್ಗ ಗಿಡ್ಡ, ತಳ ಮುಟ್ಟಲಿಲ್ಲ. ಗಾಳಿ ನಮ್ಮನ್ನು ಬಂಡೆಗಳ ಕಡೆ ತಳ್ಳುತ್ತಿತ್ತು. ತಾಂಡೇಲ, ಅಂದರೆ ಬೋಟ್ ಓಡಿಸುವವನು, ಪ್ಲಗ್ ಬಿಚ್ಚಿ ಒರೆಸುತ್ತಿದ್ದ, ನಾನು ಮತ್ತೊಬ್ಬ ಹುಡುಗ ಹಲಗೆ ಹಿಡಿದು ಹುಟ್ಟು ಹಾಕುತ್ತಿದ್ದೆವು, ಒಬ್ಬ ತಾಯಿ ಮಗುವನ್ನು ಎದೆಗವಚಿಕೊಂಡು ನನ್ನನ್ನೇ ನೋಡುತ್ತಾ ಕೂತಿದ್ದಳು. ಇಪ್ಪತ್ತು ನಿಮಿಷದ ಮೇಲೆ ಮೀನುಗಾರರ ದೋಣಿಯೊಂದು ಬಂದು ಹಗ್ಗ ಎಸೆಯಿತು. ಯಾರಿಗೂ ಏನೂ ಆಗಲಿಲ್ಲ. ಆ ತಾಯಿಯ ಕಣ್ಣು ಮಾತ್ರ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ನಾನು ಬೋಟ್ ಹತ್ತುವ ಮೊದಲು ಲಂಗರಿನ ಹಗ್ಗ ಎಷ್ಟುದ್ದ ಇದೆ ಅಂತ ನೋಡದೆ ಇದ್ದಿಲ್ಲ. ನೀವೂ ನೋಡಿ. ಕಡಲಿಗೆ ಹೋಗುವ ಬೋಟಿಗೆ ಎರಡು ಇಂಜಿನ್ ಇದ್ದರೆ ಒಳ್ಳೆಯದು. ಬೋಟಿನ ಮೇಲೆ ನೋಂದಣಿ ನಂಬರ್ ಮತ್ತು ಎಷ್ಟು ಜನ ಕೂರಬಹುದು ಅನ್ನುವುದು ಬರೆದಿರಬೇಕು. ತಲೆ ಎಣಿಸಿ. ಒಬ್ಬರು ಜಾಸ್ತಿ ಇದ್ದರೂ ಇಳಿದುಬಿಡಿ, ದುಡ್ಡು ಕೊಟ್ಟಾಗಿದೆ ಅಂತ ಕೂರಬೇಡಿ. ಕೋಸ್ಟ್ ಗಾರ್ಡ್ ನಂಬರ್ 1554, ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಅತ್ತೆಯ ಮಂಡಿ ಬಗ್ಗೆ ಒಂದು ಮಾತು. ಕಾಂಕ್ರೀಟ್ ಜೆಟ್ಟಿ ಇದ್ದಲ್ಲೇ ಇರುತ್ತದೆ, ಬೋಟು ನೀರಿನ ಜೊತೆ ಏರಿಳಿಯುತ್ತದೆ. ಉಬ್ಬರದಲ್ಲಿ ಒಂದು ಹೆಜ್ಜೆ ಇಟ್ಟರೆ ಹತ್ತಬಹುದಾದ ಬೋಟಿಗೆ ಇಳಿತದಲ್ಲಿ ಮನುಷ್ಯನೆತ್ತರ ಇಳಿಯಬೇಕಾಗಬಹುದು. ತೇಲುವ ಜೆಟ್ಟಿ ಆದರೆ ಈ ತೊಂದರೆ ಇಲ್ಲ, ಅದೂ ನೀರಿನ ಜೊತೆಗೇ ಏರಿಳಿಯುತ್ತದೆ. ತೇಲುವ ಜೆಟ್ಟಿ ಇದೆಯಾ ಅಂತ ಕೇಳಿಯೇ ಬುಕ್ ಮಾಡಿ. ಬೋಟಿನಲ್ಲಿ ಅವರನ್ನು ಮುಂದೆ ಕೂರಿಸಬೇಡಿ. ಮೂತಿ ಎದ್ದು ಬಡಿಯುವುದು ಮುಂದೆಯೇ, ಬೆನ್ನಿಗೆ ಪೆಟ್ಟಾಗುತ್ತದೆ. ನಡುವಿನಿಂದ ಸ್ವಲ್ಪ ಹಿಂದೆ, ಹೊಗೆ ಬರದ ಕಡೆ ಕೂರಿಸಿ.

ವಾಂತಿಗೆ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೂ ಬೇಡ, ಎಣ್ಣೆ ತಿಂಡಿಯೂ ಬೇಡ, ಎರಡು ಇಡ್ಲಿ ಸಾಕು. ಮಾತ್ರೆ ತೆಗೆದುಕೊಳ್ಳುವುದಾದರೆ ನಿಮ್ಮ ಡಾಕ್ಟರನ್ನು ಕೇಳಿ ಮೊದಲೇ ತಗೊಳ್ಳಿ, ತಲೆ ಸುತ್ತಿದ ಮೇಲೆ ನುಂಗಿದರೆ ಕೆಲಸ ಮಾಡಲ್ಲ. ಫೋನ್ ನೋಡುತ್ತಾ ಕೂರಬೇಡಿ. ದೂರದ ಗುಡ್ಡವನ್ನೋ ಕಡಲಿನ ಗೆರೆಯನ್ನೋ ನೋಡುತ್ತಿರಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ರೈಲಿನಲ್ಲಿ ವಾಸ್ಕೋ ಇಲ್ಲವೇ ಮಡಗಾಂವ್‌ನಲ್ಲಿ ಇಳಿದ ದಿನ ಏನೂ ಬೇಡ, ಸಂಜೆ ಪಣಜಿ ಕ್ರೂಸ್ ಒಂದು ಸಾಕು. ಮರುದಿನ ಬೆಳಿಗ್ಗೆ ತಿಥಿ ನೋಡಿಕೊಂಡು ಮೊಸಳೆ ಅಥವಾ ಹಕ್ಕಿ, ಅಲ್ಲಿಂದ ಹಳೆ ಗೋವಾ, ದಿವಾಡಿ ಫೆರಿ. ಮೂರನೆಯ ದಿನ ಏಳೂವರೆಗೆ ಸಿಂಕೇರಿಯಿಂದ ಕಡಲು, ಒಂಬತ್ತಕ್ಕೆ ವಾಪಸ್. ಮೈದುನ ಅವತ್ತೇ ಬೇಕಾದರೆ ದ್ವೀಪಕ್ಕೆ ಹೋಗಲಿ. ಬೆಳಿಗ್ಗೆ ಎದ್ದಾಗಲೇ ಗಾಳಿ ಜೋರಾಗಿದ್ದರೆ ಕಡಲಿನ ಟ್ರಿಪ್ ಬಿಟ್ಟುಬಿಡಿ, ಅವತ್ತೂ ನದಿಗೇ ಹೋಗಿ.

ಮತ್ತೆ, ನಾಲ್ಕು ವರ್ಷದ ಮಗುವಿನ ಅಳತೆಯ ಜಾಕೆಟ್ ಇಲ್ಲಿ ಎಷ್ಟೋ ಬೋಟುಗಳಲ್ಲಿ ಇರುವುದೇ ಇಲ್ಲ. ದೊಡ್ಡವರದ್ದನ್ನೇ ಹಗ್ಗ ಸುತ್ತಿ ಕಟ್ಟುತ್ತಾರೆ. ಒಪ್ಪಬೇಡಿ. ಹುಬ್ಬಳ್ಳಿಯಲ್ಲೋ ಆನ್‌ಲೈನ್‌ನಲ್ಲೋ ಮಗುವಿನ ತೂಕ ಹೇಳಿ ಒಂದು ಜಾಕೆಟ್ ಕೊಂಡುಬಿಡಿ, ಕಾಲಿನ ನಡುವೆ ಪಟ್ಟಿ ಬರುವಂಥದ್ದು. ಹೊರಡುವ ಮುಂಚೆ ಎರಡು ದಿನ ಮನೆಯಲ್ಲೇ ಹಾಕಿ ಆಡಿಸಿ. ಇಲ್ಲದಿದ್ದರೆ ಜೆಟ್ಟಿ ಮೇಲೆ ಹಾಕುವಾಗ ಅಳುತ್ತದೆ, ಅಳುವ ಮಗುವಿಗೆ ಯಾರೂ ಬಿಗಿಯಾಗಿ ಕಟ್ಟಲ್ಲ.